ಬಾಲದವನು ಮುಂದೆ ಹೋದ ದಿನ

ಹೊರಡುವ ಮೊದಲು

ಭಾನುವಾರ ಬೆಳಗ್ಗೆ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಹತ್ತುವ ನಮ್ಮ ಗುಂಪಿನಲ್ಲಿ ಒಂದೇ ಒಂದು ಕಟ್ಟುಪಾಡು ಇತ್ತು. ಎಲ್ಲರಿಗಿಂತ ಹಿಂದೆ ಒಬ್ಬ ಇರಬೇಕು. ಅವನನ್ನು ಬಾಲ ಎನ್ನುತ್ತಿದ್ದೆವು. ಪಂಪು, ಪಂಕ್ಚರಿನ ಸಾಮಾನು, ಬ್ರೇಕ್ ರಬ್ಬರು ಎಲ್ಲ ಬಾಲದವನ ಚೀಲದಲ್ಲಿ. ಎಂಥ ಗಟ್ಟಿ ಕಾಲಿನವನಾದರೂ ಅವನು ಯಾರನ್ನೂ ದಾಟಿ ಮುಂದೆ ಹೋಗುವಂತಿಲ್ಲ. ತಿರುವು ಬಂದಾಗ ಎರಡು ಸಲ ಬೆಲ್ ಬಾರಿಸಬೇಕು. ಅದು ಕಿವಿಗೆ ಬಿದ್ದರೆ ಹಿಂದೆ ಎಲ್ಲ ಸರಿಯಾಗಿದೆ ಎಂದು ಮುಂದಿನವರು ನೆಮ್ಮದಿಯಾಗಿ ತುಳಿಯುತ್ತಿದ್ದರು. ಬೆಟ್ಟದ ಮೇಲೆ ಬಾಲ ತಲುಪುವ ತನಕ ಯಾರೂ ಕಾಫಿಗೆ ಹೇಳುತ್ತಿರಲಿಲ್ಲ. ಬಾಲ ಕಂಡ ಮೇಲೆ ಯಾರೂ ತಲೆ ಎಣಿಸುತ್ತಿರಲಿಲ್ಲ.

"ಬಾಲ ಬಂತು ಅಂದ್ಮೇಲೆ ಹಸು ಪೂರ್ತಿ ಬಂದಂಗೆ" ಎನ್ನುತ್ತಿದ್ದರು ನಮ್ಮ ಮುಖಂಡ ಪುಟ್ಟೇಗೌಡರು. ಕುಂಬಾರಕೊಪ್ಪಲಿನಲ್ಲಿ ಅವರದು ಸೈಕಲ್ ಅಂಗಡಿ.

ನಾನು ಸರಸ್ವತಿಪುರಂನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡಿದ್ದವನು. ಹೈಸ್ಕೂಲಿನ ಆಚೆಗೆ ಓದಲಿಲ್ಲ. ಯಾರೋ ಕಟ್ಟು ಹಾಕಲು ಕೊಟ್ಟು ಮತ್ತೆ ಬರದೇ ಹೋದ ಹಿಮಾಲಯದ ಚಿತ್ರವೊಂದು ಬಹಳ ವರ್ಷ ನನ್ನ ಅಂಗಡಿಯ ಗೋಡೆಯ ಮೇಲಿತ್ತು. ನನ್ನ ಅಕ್ಕನ ಗಂಡ ನಂಜುಂಡಪ್ಪ ಬೆಲ್ಲದ ಮಂಡಿ ಮುಚ್ಚಿದ ಮೇಲೆ ಬಂದು ಅದರ ಎದುರಿಗೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು.

"ಇದು ನಿಜವಾಗ್ಲೂ ಇಂಗೇ ಇರತ್ತೇನೋ ಮಾದೇವ? ಇಲ್ಲ, ಮೇಲೆ ಬಿಳೀ ಬಣ್ಣ ಬಳ್ದವ್ರೋ?"

"ಹೋಗಿ ನೋಡ್ಬುಡೋಣ ಬನ್ನಿ ಭಾವ" ಎಂದೆ ಒಂದು ದಿನ. ತಮಾಷೆಗೆ ಆಡಿದ ಮಾತು ಪುಟ್ಟೇಗೌಡರ ಕಿವಿಗೆ ಬಿದ್ದು, ತೊಂಬತ್ತರ ದಶಕ ಮುಗಿಯುತ್ತಾ ಬಂದ ಒಂದು ದಸರೆಯ ರಜೆಯಲ್ಲಿ ನಾವು ನಾಲ್ವರು ಸೈಕಲ್ಲುಗಳನ್ನು ರೈಲಿಗೆ ಹಾಕಿ ನೇಪಾಳಕ್ಕೆ ಹೊರಟೆವು. ನಾಲ್ಕನೆಯವನು ರಮೇಶ, ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದವನು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು, ಹಿಂದಿ ಬಲ್ಲವನು ಅವನೊಬ್ಬನೇ.

ಭಾವನಿಗೆ ಆಗಲೇ ವಯಸ್ಸು ಅರವತ್ತರ ಹತ್ತಿರ, ಬಲಗಾಲಿನ ಮಂಡಿ ಹಿಡಿದುಕೊಳ್ಳುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದುಕೊಂಡಳು. "ಅವ್ರನ್ನ ಬುಟ್ಟು ಮುಂದಕ್ಕೆ ಹೋಗ್ಬೇಡ ಕಣೋ. ನಿನ್ನ ನಂಬ್ಕೊಂಡೇ ಕಳಿಸ್ತಿರೋದು."

"ನಾನು ಬಾಲ ಕಣಕ್ಕ. ಬಾಲ ಎಲ್ಲಿಗೆ ಮುಂದಕ್ಕೆ ಹೋಗತ್ತೆ?" ಎಂದೆ. ಎಲ್ಲರೂ ನಕ್ಕರು.

ರೈಲಿನಲ್ಲಿ ಭಾವ ಇನ್ನೊಂದು ಒಪ್ಪಂದ ಮಾಡಿಸಿದರು. ಹಿಮದ ಬೆಟ್ಟ ಯಾರಿಗೆ ಮೊದಲು ಕಂಡರೂ ಕೂಗಬೇಕು, ಕೂಗಿದ ಜಾಗದಲ್ಲೇ ನಿಲ್ಲಬೇಕು, ಎಲ್ಲರೂ ಬಂದ ಮೇಲೆ ಒಟ್ಟಿಗೆ ನೋಡಬೇಕು.

ಸುನೌಲಿಯ ಗಡಿ

ಪರದೇಶ ಎಂದರೆ ಏನೋ ಇರುತ್ತದೆ ಎಂದುಕೊಂಡಿದ್ದೆ. ಸಂತೆಬೀದಿಯ ಹಾಗೆ ಗಿಜಿಗುಡುವ ರಸ್ತೆ, ಅದರ ಮೇಲೊಂದು ಕಮಾನು, ಕೆಳಗೆ ರಿಕ್ಷಾ, ಎಮ್ಮೆ, ತಲೆಯ ಮೇಲೆ ಮೂಟೆ ಹೊತ್ತ ಹೆಂಗಸರು. ದೇಶ ಬದಲಾದದ್ದು ನಮ್ಮ ಟಯರುಗಳಿಗೂ ಗೊತ್ತಾಗಲಿಲ್ಲ. ಗಡಿಯಾಚೆ ಗಡಿಯಾರ ಕಾಲು ಗಂಟೆ ಮುಂದಿರುತ್ತದೆಯೆಂದು ರಮೇಶ ಹೇಳಿದಾಗ ಪುಟ್ಟೇಗೌಡರು ತಮ್ಮ ವಾಚನ್ನು ಮುಟ್ಟಗೊಡಲಿಲ್ಲ.

"ನಮ್ಮೂರು ಟೈಮು ನಮ್ಮೂರ್ದೇ. ಕಾಲು ಗಂಟೇಗೋಸ್ಕರ ಯಾರಪ್ಪ ಮುಳ್ಳು ತಿರುಗ್ಸೋರು?"

ಹಾಗಾಗಿ ನೇಪಾಳದಲ್ಲಿ ಇದ್ದಷ್ಟು ದಿನವೂ ನಾವು ಎಲ್ಲ ಕಡೆಗೂ ಕಾಲು ಗಂಟೆ ತಡವಾಗಿಯೇ ತಲುಪಿದೆವು.

ಗಡಿಯ ಪೊಲೀಸಿನವನು ಸೈಕಲ್ಲುಗಳನ್ನು ಒಂದು ಸುತ್ತು ನೋಡಿ, ಎಲ್ಲಿಂದ ಎಂದು ಕೇಳಿದ. ಮೈಸೂರು ಎಂದೊಡನೆ "ಚಂದನ್!" ಎಂದು ಮೂಗಿನ ಹತ್ತಿರ ಬೆರಳು ತಂದು ಮೂಸಿ ತೋರಿಸಿದ. ಆಮೇಲೆ ಮುಖ ಸಣ್ಣದು ಮಾಡಿಕೊಂಡು ರಮೇಶನಿಗೆ ಏನೋ ಹೇಳಿದ.

"ಏನಂತೆ?" ಎಂದರು ಭಾವ.

"ಹಬ್ಬದ ಹೊತ್ತಲ್ಲಿ ಮನೇಲಿ ಜಗಳ ಏನಾದ್ರೂ ಆಯ್ತಾ ಅಂತಾನೆ. ದಸರೇಲಿ ಮನೆ ಬಿಟ್ಟು ಬರೋರನ್ನ ನೋಡೇ ಇಲ್ವಂತೆ."

ನಮಗೆ ಇದು ವಿಚಿತ್ರವಾಗಿ ಕಂಡಿತು. ಮೈಸೂರಿನವರಿಗೆ ದಸರೆಯೆಂದರೆ ಲೋಕವೆಲ್ಲ ಮನೆ ಬಿಟ್ಟು ನಮ್ಮೂರಿಗೆ ಬರುವ ಹೊತ್ತು. ನಮ್ಮ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಹೋಟೆಲುಗಳು ಒಲೆ ಆರಿಸುವುದಿಲ್ಲ. ಆ ಪೊಲೀಸಿನವನ ಮಾತನ್ನು ಸ್ವಲ್ಪ ಯೋಚಿಸಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ.

ಬುಟವಲ್

ಬಯಲು ಮುಗಿದು ಬೆಟ್ಟ ಎದ್ದು ನಿಲ್ಲುವ ಊರು ಇದು. ನಮ್ಮನ್ನು ದಾಟಿದ ಪ್ರತಿಯೊಂದು ಬಸ್ಸಿನ ಮೇಲೂ ಮೇಕೆಗಳಿದ್ದವು. ಗಂಭೀರವಾಗಿ ಮುಂದಕ್ಕೆ ನೋಡುತ್ತಾ, ಗಡ್ಡ ಹಾರಿಸಿಕೊಂಡು, ದೊಡ್ಡ ಮನುಷ್ಯರ ಹಾಗೆ ಹೋಗುತ್ತಿದ್ದವು.

"ನಮ್ಮ ದಸರೇಲಿ ಆನೆ ಮೆರೆಯತ್ತೆ, ಇವ್ರದ್ರಲ್ಲಿ ಮೇಕೆ" ಎಂದ ರಮೇಶ.

"ಮೆರೆಯೋದು ಇವತ್ತು ಕಣಪ್ಪ. ನಾಳಿದ್ದು ನೋಡು" ಎಂದರು ಪುಟ್ಟೇಗೌಡರು. ಭಾವ ಮುಖ ಆಚೆಗೆ ತಿರುಗಿಸಿದರು.

ಭಾವನದು ಕಟ್ಟುನಿಟ್ಟಿನ ಮನೆತನ. ದಿನವೂ ಸ್ನಾನ ಮಾಡಿ, ಎಡಗೈಯ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ಬಾಯಿಗೆ ಏನಾದರೂ ಹಾಕುವುದು. ಒಂದು ಗುಟುಕು ಚಹಾ ಕೂಡ ಆಮೇಲೆಯೇ. ನಾನೂ ಅದೇ ಮತದವನೇ, ಆದರೆ ಪ್ರವಾಸದಲ್ಲಿ ನನ್ನ ಪೂಜೆ ಕೈಮುಗಿಯುವಷ್ಟಕ್ಕೆ ಇಳಿದಿತ್ತು. ಬೆಳಗ್ಗೆ ನಾವು ಮೂವರೂ ಸೈಕಲ್ ಹಿಡಿದು ನಿಂತಿರುತ್ತಿದ್ದೆವು, ಭಾವ ಕಣ್ಣು ಅಂಗೈಯಲ್ಲಿ ನೆಟ್ಟು ಕೂತಿರುತ್ತಿದ್ದರು. ಪುಟ್ಟೇಗೌಡರು ಬೆಲ್ ಬಾರಿಸುತ್ತಾ ಗೊಣಗುತ್ತಿದ್ದರು.

ಅಲ್ಲಿನ ಊಟ ಅನ್ನ, ಬೇಳೆ, ಪಲ್ಯ. ಬೆಳಗ್ಗೆ ಹೊತ್ತೇರಿದ ಮೇಲೊಮ್ಮೆ, ಸಂಜೆ ಒಮ್ಮೆ. ತಟ್ಟೆ ಖಾಲಿಯಾದ ಕೂಡಲೇ ಮಾತಿಲ್ಲದೆ ಮತ್ತೆ ಅನ್ನ ಬೀಳುತ್ತದೆ. ನಮ್ಮ ಕಡೆ ಬೇಡ ಬೇಡ ಎಂದರೂ ಇನ್ನೊಂದು ಸಲ ಬಡಿಸುವುದು ಮರ್ಯಾದೆ, ಉಣ್ಣುವವನೂ ಒಮ್ಮೆ ಸುಮ್ಮನೆ ಬೇಡ ಎನ್ನುತ್ತಾನೆ. ಅಲ್ಲಿ ಭಾವ ಹಾಗೆ ಬೇಡವೆಂದು ಕೈ ಅಡ್ಡ ಹಿಡಿದರು. ಬಡಿಸುವಾಕೆ ನಂಬಿ, ತಟ್ಟೆಯನ್ನೇ ಎತ್ತಿಕೊಂಡು ಹೋದಳು. ಅರೆಹೊಟ್ಟೆಯಲ್ಲಿ ಕೂತ ಭಾವನ ಮುಖ ನೋಡಿ ನಾವು ನಕ್ಕಿದ್ದೇ ನಕ್ಕಿದ್ದು. ಚೀಲದಿಂದ ಒಂದು ಅಚ್ಚು ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡು ಅವರೂ ನಕ್ಕರು. ಊರಿನಿಂದ ಬೆಲ್ಲ ತಂದಿದ್ದರು, ದಾರಿಯುದ್ದಕ್ಕೂ ನಮಗೆಲ್ಲ ಹಂಚುತ್ತಿದ್ದರು.

ತಾನ್ಸೇನ್

ಬುಟವಲ್‌ನಿಂದ ತಾನ್ಸೇನ್‌ಗೆ ಏರಿದ ದಿನವನ್ನು ನಾನು ಈಗಲೂ ಬಿಡಿಸಿ ಬಿಡಿಸಿ ನೆನೆಯುತ್ತೇನೆ, ಏಕೆಂದರೆ ಆ ದಿನ ನಾನು ಒಳ್ಳೆಯವನಾಗಿದ್ದೆ. ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ತಳ ಕಾಣದ ಕಣಿವೆ. ಚಾಮುಂಡಿ ಬೆಟ್ಟವನ್ನು ಒಂದರ ಮೇಲೊಂದು ಇಟ್ಟು ಕಟ್ಟಿದ ಹಾಗಿತ್ತು. ಪುಟ್ಟೇಗೌಡರು ಏರು ಹಗುರಾಗಲೆಂದು ಹಿಂದಿನ ಚಕ್ರಕ್ಕೆ ದೊಡ್ಡ ಫ್ರೀವೀಲ್, ಎಂದರೆ ಹಲ್ಲುಗಾಲಿ, ಹಾಕಿಕೊಟ್ಟಿದ್ದರೂ ಅರ್ಧ ದಾರಿ ತಳ್ಳಿಕೊಂಡೇ ನಡೆದೆವು. ಭಾವ ಪ್ರತಿ ತಿರುವಿನಲ್ಲೂ ನಿಲ್ಲುತ್ತಿದ್ದರು. ನಾನು ಹಿಂದೆ ನಿಂತು ಎರಡು ಸಲ ಬೆಲ್ ಬಾರಿಸುತ್ತಿದ್ದೆ.

"ಇದ್ದೀಯೇನೋ?"

"ಇದ್ದೀನಿ ಭಾವ."

"ನಿನ್ನ ಬೆಲ್ಲು ಕೇಳ್ತಿದ್ರೆ ಮಂಡಿ ನೋವೇ ಇರಲ್ಲ ಕಣೋ."

ಊರು ಸೇರಿದಾಗ ಸಂಜೆ. ಅಲ್ಲಿಂದ ಹಿಮ ಕಾಣುತ್ತದೆ ಎಂದಿದ್ದರು, ಮೋಡ ಮುಚ್ಚಿತ್ತು. ಬಿದಿರು ಕಟ್ಟಿ ಮಾಡಿದ ಉಯ್ಯಾಲೆಯಲ್ಲಿ ದೊಡ್ಡವರೂ ಮಕ್ಕಳ ಹಾಗೆ ಜೀಕುತ್ತಿದ್ದರು. ನಾವಿಳಿದುಕೊಂಡ ಹೋಟೆಲಿನ ಯಜಮಾನ ರಾತ್ರಿ ಊಟ ಬಡಿಸುತ್ತಾ, ನಾಳೆ ಟೀಕಾ ಹಬ್ಬ, ನಾಳೆ ಹೊರಡಬೇಡಿ, ದಾರಿಯಲ್ಲಿ ಏನೂ ಸಿಗುವುದಿಲ್ಲ, ನಾನೂ ಬಾಗಿಲು ಹಾಕಿ ತಾಯಿಯ ಊರಿಗೆ ಹೋಗುತ್ತೇನೆ, ಬೇಕಾದರೆ ನನ್ನ ಜೊತೆ ಬನ್ನಿ ಎಂದ.

"ನಾಳೆ ವಿಜಯದಶಮಿ. ದಸರೇ ದಿನ ಓಟ್ಲು ಮುಚ್ಚೋರು ಉಂಟಾ?" ಎಂದು ಪುಟ್ಟೇಗೌಡರು ಕನ್ನಡದಲ್ಲೇ ತಳ್ಳಿಹಾಕಿದರು. "ಇನ್ನೊಂದಿನ ರೂಮ್ ಬಾಡಿಗೆ ಗಿಟ್ಟಿಸ್ಕಳೋಕೆ ಹೇಳ್ತಾವ್ನೆ. ಬೆಳ್ಗೆ ಬೇಗ ಬುಡೋಣ."

ಮೈಸೂರಿನವರಾದ ನಮಗೆ ಯಾರಿಗೂ ಅದು ತಪ್ಪೆನಿಸಲಿಲ್ಲ.

ವಿಜಯದಶಮಿ

ಬೆಳಕು ಹರಿಯುವ ಮೊದಲೇ ಹೊರಟೆವು. ನಲ್ಲಿಯಲ್ಲಿ ನೀರಿರಲಿಲ್ಲ, ಭಾವನ ಸ್ನಾನವಾಗಲಿಲ್ಲ. "ಪೂಜೆ ದಾರೀಲಿ ಮಾಡ್ಕಳಿ" ಎಂದು ಪುಟ್ಟೇಗೌಡರು ಅವಸರ ಮಾಡಿದರು. ಭಾವ ಬೆಲ್ಲದ ಚೀಲವನ್ನು ನನ್ನ ಕೈಗೆ ಕೊಟ್ಟು "ನೀವು ತಿನ್ನಿ" ಎಂದರು. ನಾವು ತಿಂದೆವು. ದೊಡ್ಡ ಪಾಲು ತಿಂದವನು ನಾನು.

ಇಳಿದು ನದಿಯ ಸೇತುವೆ ದಾಟಿ ಮತ್ತೆ ಏರು ಹಿಡಿಯುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಅಂಗಡಿಯೂ ತೆರೆದಿರಲಿಲ್ಲ. ಚಹಾದ ಗುಡಿಸಲುಗಳ ಒಲೆಯಲ್ಲಿ ಬೂದಿ ಕೂಡ ತಣ್ಣಗಿತ್ತು. ಬಸ್ಸಿಲ್ಲ, ಲಾರಿಯಿಲ್ಲ. ರಸ್ತೆಯಲ್ಲಿದ್ದದ್ದು ಹೊಸ ಬಟ್ಟೆ ತೊಟ್ಟು ನಡೆದು ಹೋಗುವ ಸಂಸಾರಗಳು ಮಾತ್ರ. ಎಲ್ಲರ ಹಣೆಯ ತುಂಬ ಮೊಸರಲ್ಲಿ ಕಲೆಸಿದ ಕೆಂಪು ಅಕ್ಕಿ, ಕಿವಿಯ ಮೇಲೆ ಕತ್ತಲಲ್ಲಿ ಬೆಳೆಸಿದ ಹಳದಿ ಪೈರಿನ ಎಳೆ. ಆ ದಿನ ಕಿರಿಯರು ಎಲ್ಲಿದ್ದರೂ ಹಿರಿಯರ ಮನೆ ಹುಡುಕಿಕೊಂಡು ಹೋಗುತ್ತಾರೆ, ಹಿರಿಯರು ಹಣೆಗೆ ಟೀಕಾ ಇಟ್ಟು ಹರಸುತ್ತಾರೆ. ದೇಶವೇ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿತ್ತು. ನಾವು ನಾಲ್ವರು ಬೀದಿಯಲ್ಲಿದ್ದೆವು.

ಪುಟ್ಟೇಗೌಡರೂ ರಮೇಶನೂ ಊಟ ಹುಡುಕುತ್ತಾ ಬಹಳ ಮುಂದೆ ಹೋಗಿಬಿಟ್ಟರು. ನಾನು ಭಾವನ ಹಿಂದೆ. ಅವರು ಸೈಕಲ್ ತಳ್ಳಿಕೊಂಡು ಹತ್ತು ಹೆಜ್ಜೆ ಇಡುವುದು, ನಿಲ್ಲುವುದು. ಮತ್ತೆ ಹತ್ತು ಹೆಜ್ಜೆ, ಮತ್ತೆ ನಿಲ್ಲುವುದು. ಖಾಲಿ ಹೊಟ್ಟೆಯಲ್ಲಿ ಅವರ ಬೆನ್ನನ್ನೇ ನೋಡುತ್ತಾ ನಡೆದವನಿಗೆ ಆ ಬೆನ್ನಿನ ಮೇಲೆ ಕೋಪ ಬರತೊಡಗಿತು. ಅವರ ಬನೀನಿನ ತೂತಿನ ಮೇಲೂ ಕೋಪ. ಬೆಲ್ ಬಾರಿಸುವುದನ್ನು ನಾನು ಯಾವ ತಿರುವಿನಿಂದ ಬಿಟ್ಟೆ ಎಂಬುದು ನೆನಪಿಲ್ಲ.

"ಇದ್ದೀಯೇನೋ?" ಎಂದರು ಭಾವ, ತಿರುಗದೆ.

"ಇನ್ನೆಲ್ಲಿಗೆ ಹೋಗ್ಲಿ?" ಎಂದೆ.

ನೀರಿನ ದೋಣಿ

ಗಲ್ಯಾಂಗ್ ಎಂಬ ಊರು ದಾಟಿ ಏರು ಮುಗಿಯುವ ಜಾಗದಲ್ಲಿ ಕಲ್ಲಿನ ದೋಣಿಯೊಂದರಿಂದ ನೀರು ಬೀಳುತ್ತಿತ್ತು. ಭಾವನ ಮುಖ ಅರಳಿತು. ತಣ್ಣೀರಿನಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ಕಲ್ಲಿನ ಮೇಲೆ ಕೂತು, ವಿಭೂತಿ ಹಚ್ಚಿಕೊಂಡು, ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ಸ್ವಲ್ಪ ಹೊತ್ತು ಕಣೋ ಮಾದೇವ" ಎಂದರು. ಆಮೇಲೆ ಕಣ್ಣು ಅಂಗೈಗೆ ಹೋಯಿತು.

ನಾನು ನಿಂತೆ. ರಸ್ತೆ ಅವರ ಪಕ್ಕದಲ್ಲೇ ಹಾದು, ಮುಂದೆ ಇಳಿಜಾರಾಗಿ ಕಣಿವೆಗೆ ಜಾರುತ್ತಿತ್ತು. ಕೆಳಗೆ ಯಾವುದೋ ಮನೆಯಿಂದ ಹೊಗೆ ಏಳುತ್ತಿತ್ತು. ಹೊಗೆಯೆಂದರೆ ಒಲೆ. ಒಂದು ಮಾತು ಹೇಳಿದ್ದರೆ ಸಾಕಿತ್ತು, "ಭಾವ, ನಾನು ಕೆಳಗಿರ್ತೀನಿ" ಎಂದು. ಹೇಳಿದರೆ ಅವರು "ಇರೋ, ಒಟ್ಟಿಗೆ ಹೋಗೋಣ" ಎನ್ನುತ್ತಿದ್ದರು. ಅದು ನನಗೆ ಬೇಕಿರಲಿಲ್ಲ.

ಸೈಕಲ್ಲನ್ನು ತಳ್ಳಿದರೆ ಫ್ರೀವೀಲ್ ಟಿಕಟಿಕ ಎನ್ನುತ್ತದೆ. ಅದು ಅವರಿಗೆ ಕೇಳಬಾರದೆಂದು ನಾನು ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿದುಕೊಂಡೆ. ಹಾಗೆಯೇ ಕಳ್ಳಹೆಜ್ಜೆಯಲ್ಲಿ ಅವರ ಬೆನ್ನ ಹಿಂದಿನಿಂದ ದಾಟಿದೆ. ತಿರುವಿನಾಚೆ ಚಕ್ರ ಇಳಿಸಿ ಹತ್ತಿದೆ.

ಆ ಇಳಿಜಾರಿನಲ್ಲಿ ನಾನು ನೊಂದುಕೊಂಡೆನೆಂದು ಬರೆದರೆ ಓದುವವರಿಗೆ ಸಮಾಧಾನವಾಗುತ್ತಿತ್ತು. ಇಲ್ಲ. ಇಡೀ ಪ್ರವಾಸದಲ್ಲಿ ನಾನು ಅಷ್ಟು ಸಂತೋಷಪಟ್ಟದ್ದು ಬೇರೆ ಎಲ್ಲೂ ಇಲ್ಲ. ಗಾಳಿ ಅಂಗಿಯೊಳಗೆ ನುಗ್ಗಿ ಬೆನ್ನಲ್ಲಿ ಉಬ್ಬಿಕೊಂಡಿತು. ಕಾಯಲು ಯಾರೂ ಇರಲಿಲ್ಲ. ಒಂದು ತಿರುವು ಕಳೆದ ಕೂಡಲೇ, ಮೋಡ ಸರಿದ ಉತ್ತರದ ಆಕಾಶದಲ್ಲಿ, ನಾನು ಹುಡುಕುತ್ತಿದ್ದುದಕ್ಕಿಂತ ಬಹಳ ಮೇಲೆ, ಹಿಮ ನಿಂತಿತ್ತು. ನನ್ನ ಅಂಗಡಿಯ ಚಿತ್ರಕ್ಕೆ ಯಾರೂ ಬಣ್ಣ ಬಳಿದಿರಲಿಲ್ಲ.

ನಾನು ಕೂಗಲಿಲ್ಲ. ಬ್ರೇಕನ್ನೂ ಹಿಡಿಯಲಿಲ್ಲ.

ಕಣಿವೆಯ ಮನೆ

ಹೊಗೆ ಬರುತ್ತಿದ್ದ ಮನೆಯ ಜಗಲಿಯಲ್ಲಿ ಪುಟ್ಟೇಗೌಡರೂ ರಮೇಶನೂ ಕೂತಿದ್ದರು. ಆ ಮನೆಯವರು ಚಾಪೆ ಹಾಸಿ, ಬಾಳೆಲೆಯಲ್ಲಿ ಅವಲಕ್ಕಿ, ಮೊಸರು, ಬಾಳೆಹಣ್ಣು ಇಟ್ಟಿದ್ದರು. ಇಬ್ಬರೂ ಕೈಯಿಕ್ಕಿರಲಿಲ್ಲ. ಅಷ್ಟು ಹಸಿವಿನಲ್ಲೂ ಬಾಲ ಬರಲೆಂದು ಕಾದಿದ್ದರು.

"ಬಾಲ ಬಂತು!" ಎಂದು ಪುಟ್ಟೇಗೌಡರು ಎಲೆ ಎಳೆದುಕೊಂಡು ಬಗ್ಗಿದರು. ಯಾರೂ ತಲೆ ಎಣಿಸಲಿಲ್ಲ. ನಾನೂ ಉಂಡೆ. ಎರಡನೆಯ ಸಲ ಅವಲಕ್ಕಿ ಹಾಕಿಸಿಕೊಳ್ಳುವಾಗ ರಮೇಶ ಕೇಳಿದ, "ನಂಜುಂಡಪ್ಪನವ್ರೆಲ್ಲಣ್ಣ?"

"ಹಿಂದೇನೇ ಬರ್ತಾವ್ರೆ" ಎಂದೆ.

ಪುಟ್ಟೇಗೌಡರ ಕೈ ಬಾಯಿಯ ಹತ್ತಿರ ನಿಂತಿತು. "ಹಿಂದೇನಾ? ನಿನ್ನ ಹಿಂದೆ ಯಾರ್ ಬತ್ತಾರೆ ಮಾದೇವಪ್ಪ?"

ಭಾವ ಬರಲಿಲ್ಲ. ನೆರಳು ಉದ್ದವಾಯಿತು. ಹತ್ತಿ ಹೋಗಿ ನೋಡೋಣ ಎಂದರು ಪುಟ್ಟೇಗೌಡರು. ಈಗ ಬಂದೇ ಬಿಡುತ್ತಾರೆ, ಪೂಜೆ ನಿಧಾನ ಎಂದೆ ನಾನು. ಅಷ್ಟು ಸೊಗಸಾಗಿ ಇಳಿದು ಬಂದದ್ದನ್ನು ಮತ್ತೆ ಹತ್ತಲು ನನಗೆ ಮನಸ್ಸಿರಲಿಲ್ಲ. ಕೊನೆಗೆ ರಮೇಶನನ್ನು ಅಲ್ಲೇ ಬಿಟ್ಟು ಪುಟ್ಟೇಗೌಡರೇ ಹೊರಟರು. ನಾನು ಹಿಂದೆ ಹೋದೆ. ದೋಣಿಯ ಹತ್ತಿರ ನೀರು ಬೀಳುತ್ತಿತ್ತು, ಕಲ್ಲಿನ ಮೇಲೆ ವಿಭೂತಿಯ ಗುರುತಿತ್ತು. ಭಾವನೂ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ಕತ್ತಲಾಗುತ್ತಿತ್ತು. ಪುಟ್ಟೇಗೌಡರು ರಸ್ತೆಯ ಅಂಚಿನಿಂದ ಕಣಿವೆಯೊಳಗೆ ಇಣುಕಿ ನೋಡಿದರು. ಎದುರು ಸಿಕ್ಕ ದಾರಿಹೋಕರಿಗೆಲ್ಲ ರಮೇಶನಿಂದ ಕಲಿತ ನಾಲ್ಕು ಮುರುಕು ಹಿಂದಿ ಮಾತಿನಲ್ಲಿ, ನಾವು ಕೆಳಗಿನ ಮನೆಯಲ್ಲಿದ್ದೇವೆ, ಸೈಕಲ್ಲಿನ ಮುದುಕರು ಕಂಡರೆ ತಿಳಿಸಿ ಎಂದು ಹೇಳುತ್ತಾ ಇಳಿದರು.

ಮರುದಿನ ಬೆಳಗ್ಗೆ ಭಾವ ಬಂದರು. ಹಣೆಯ ತುಂಬ ಕೆಂಪು ಅಕ್ಕಿ, ಕಿವಿಯ ಮೇಲೆ ಹಳದಿ ಪೈರು. ನನ್ನನ್ನು ಕಂಡವರೇ ಸೈಕಲ್ಲನ್ನು ಹಾಗೆಯೇ ಬೀಳಗೊಟ್ಟು ಓಡಿಬಂದು, ನನ್ನ ತಲೆ, ಭುಜ, ಮೊಣಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದರು.

"ಬಿದ್ದಿಲ್ವೇನೋ? ಎಲ್ಲೂ ಬಿದ್ದಿಲ್ವಾ?"

ಆಗ ಗೊತ್ತಾಯಿತು. ಪೂಜೆ ಮುಗಿಸಿ ಕಣ್ಣೆತ್ತಿದಾಗ ನಾನಿರಲಿಲ್ಲ. ಬಾಲದವನು ಮುಂದೆ ಹೋಗಿರಬಹುದು ಎಂಬುದು ಅವರ ತಲೆಗೆ ಬರಲೇ ಇಲ್ಲ. ನಾನು ಏನೋ ಬೀಳಿಸಿಕೊಂಡು ಹುಡುಕಲು ಹಿಂದಕ್ಕೆ ಹೋಗಿರಬೇಕು, ಹೋಗಿ ಎಲ್ಲೋ ಜಾರಿರಬೇಕು ಎಂದುಕೊಂಡರು. ಬೆವರು ಸುರಿಸಿ ಹತ್ತಿದ ಏರನ್ನೇ ಮತ್ತೆ ಇಳಿದು, ಪ್ರತಿ ತಿರುವಿನಲ್ಲೂ ಕಣಿವೆಗೆ ಬಗ್ಗಿ "ಮಾದೇವಾ" ಎಂದು ಕೂಗುತ್ತಾ ಹೋದರು. ದಾರಿಬದಿಯ ಮನೆಯೊಂದರ ಮುದುಕಿ ಆ ಕೂಗು ಕೇಳಿ ಹೊರಬಂದಳು. ಭಾಷೆ ಬಾರದು. ಭಾವ ಸೈಕಲ್ಲು ತೋರಿಸಿ, ಬೆರಳಲ್ಲಿ ಎರಡು ಎಂದು, ಕಣಿವೆ ತೋರಿಸಿದರು. ಆ ಮನೆಯ ಗಂಡಸರೆಲ್ಲ ಹಬ್ಬದೂಟ ಬಿಟ್ಟೆದ್ದು, ಹೊಸ ಬಟ್ಟೆಯಲ್ಲೇ, ಹಗ್ಗ ಹಿಡಿದು ಕೆಳಗಿಳಿದರು. "ಮಾಧವ್, ಮಾಧವ್" ಎಂದು ಹೊಳೆಯ ತನಕ ಕೂಗಿದರಂತೆ. ಆ ಹೊತ್ತಿನಲ್ಲಿ ನಾನು ಎರಡನೆಯ ಸಲ ಅವಲಕ್ಕಿ ಹಾಕಿಸಿಕೊಳ್ಳುತ್ತಿದ್ದೆ.

ನಾನು ಸಿಗುವ ತನಕ ಉಣ್ಣುವುದಿಲ್ಲ ಎಂದು ಭಾವ ಕೂತರು. ಮುದುಕಿ ಬಂದು ಅವರ ಹಣೆಗೆ ಟೀಕಾ ಇಟ್ಟು, ಅದನ್ನೂ ರಸ್ತೆಯನ್ನೂ ತೋರಿಸಿ, ಬರುತ್ತಾನೆ ಎಂಬಂತೆ ತಲೆಯಾಡಿಸಿ, ಬಟ್ಟಲಿನಲ್ಲಿದ್ದ ಮೊಸರನ್ನು ಮಗುವಿಗೆ ತಿನ್ನಿಸುವ ಹಾಗೆ ತಿನ್ನಿಸಿದಳಂತೆ. ಬೆಳಗ್ಗೆ ಆ ದಾರಿಯಲ್ಲಿ ಬಂದವರೊಬ್ಬರಿಂದ ನಾವಿರುವ ಮನೆಯ ಸುದ್ದಿ ಅವರಿಗೆ ಸಿಕ್ಕಿತ್ತು.

"ಎಲ್ಲೋ ಹೋಗಿದ್ದೆ?" ಎಂದರು ಭಾವ. ಪುಟ್ಟೇಗೌಡರು, ರಮೇಶ ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ನಿಮ್ಗೆ ಏನಾದ್ರೂ ಊಟ ಸಿಗತ್ತಾ ನೋಡೋಣ ಅಂತ ಮುಂದಕ್ಕೆ ಬಂದೆ ಭಾವ. ಪೂಜೆ ಕೆಡಬಾರ್ದು ಅಂತ ಹೇಳ್ಲಿಲ್ಲ. ಫ್ರೀವೀಲ್ ಸದ್ದಾಗತ್ತೆ ಅಂತ ಚಕ್ರ ಎತ್ಕೊಂಡು ಬಂದೆ."

ಭಾವನ ಕಣ್ಣಲ್ಲಿ ನೀರು ಬಂತು. "ನೋಡ್ರಪ್ಪ" ಎಂದರು ಉಳಿದವರ ಕಡೆ ತಿರುಗಿ, "ಚಕ್ರ ಎತ್ಕೊಂಡು ಹೋದ್ನಂತೆ. ನನ್ನ ಪೂಜೇಗೋಸ್ಕರ."

ಪುಟ್ಟೇಗೌಡರು ಎದ್ದು ಹೋಗಿ ತಮ್ಮ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡತೊಡಗಿದರು. ಎಣ್ಣೆ ಬಿಟ್ಟು ಎರಡು ದಿನವೂ ಆಗಿರಲಿಲ್ಲ.

ಪೋಖರಾ

ದಾರಿಯುದ್ದಕ್ಕೂ ಮತ್ತೆ ಮುಚ್ಚಿಕೊಂಡಿದ್ದ ಮೋಡ ಇಲ್ಲಿ ಸರಿಯಿತು. ಕೆರೆಯ ದಂಡೆಯಲ್ಲಿ ಬೆಳಗ್ಗೆ ಹಲ್ಲುಜ್ಜುತ್ತಿದ್ದ ಭಾವ ಇದ್ದಕ್ಕಿದ್ದ ಹಾಗೆ ಕೂಗಿಕೊಂಡರು. ಬಾಯಿಯ ತುಂಬ ನೊರೆ. "ಮಾದೇವಾ! ಬಾರೋ! ಗೌಡ್ರೇ! ನಿಜಾನೇ ಕಣ್ರೋ!" ಮಾತು ಕೊಟ್ಟ ಹಾಗೆ ಕೂಗಿದ ಜಾಗದಲ್ಲೇ ನಿಂತಿದ್ದರು, ಒಂದು ಹೆಜ್ಜೆ ಕದಲಿರಲಿಲ್ಲ. ನಾವೆಲ್ಲ ಹೋಗುವ ತನಕ ಬೆಟ್ಟದಿಂದ ಮುಖ ತಿರುಗಿಸಿ ನಮ್ಮ ದಾರಿ ನೋಡುತ್ತಿದ್ದರು, ಒಟ್ಟಿಗೇ ನೋಡಬೇಕೆಂದು. ನಾನು ಅವರ ಪಕ್ಕ ನಿಂತು, ಮೊದಲ ಸಲ ನೋಡುವವನ ಹಾಗೆ "ಅಬ್ಬಾ!" ಎಂದೆ.

ಕಾಠ್ಮಂಡುವಿನ ತನಕ ಹೋದೆವು. ಗುಡಿಗಳನ್ನು ನೋಡಿದೆವು, ಕೋತಿಯೊಂದು ಪುಟ್ಟೇಗೌಡರ ಟೋಪಿ ಕಸಿಯಿತು, ರಮೇಶನಿಗೆ ಹೊಟ್ಟೆ ಕೆಟ್ಟಿತು. ಎಲ್ಲ ಬೇರೆ ಪ್ರವಾಸಿಗಳಿಗೆ ಆಗುವಂಥದೇ. ನಾನು ತಿರುವು ತಿರುವಿಗೂ ಬೇಕಾದ್ದಕ್ಕಿಂತ ಹೆಚ್ಚು ಬೆಲ್ ಬಾರಿಸಿದೆ.

ಕುಂಬಾರಕೊಪ್ಪಲು

ಮುದುಕಿಯ ಟೀಕಾವನ್ನು ಭಾವ ಊರಿಗೆ ತಂದರು. ಆಮೇಲಿನ ಪ್ರತಿ ವಿಜಯದಶಮಿಗೂ, ಜಂಬೂಸವಾರಿ ನೋಡಲು ಹೊರಡುವ ಮೊದಲು, ಕುಂಬಾರಕೊಪ್ಪಲಿನ ತಮ್ಮ ಮನೆಯಲ್ಲಿ ಬಟ್ಟಲ ತುಂಬ ಅಕ್ಕಿ, ಮೊಸರು, ಕುಂಕುಮ ಕಲೆಸಿ, ಮನೆಯ ಕಿರಿಯರನ್ನೂ ನೆರೆಯವರ ಮಕ್ಕಳನ್ನೂ ಸಾಲಾಗಿ ಕೂರಿಸಿ ಹಣೆಗೆ ಇಡುತ್ತಿದ್ದರು. ಇಡುವ ಮೊದಲು ನೇಪಾಳದ ಕಥೆ. ಕಥೆಯ ನಡುವೆ ನಾನು ಚಕ್ರ ಎತ್ತಿಕೊಂಡು ಹೋಗುತ್ತಿದ್ದೆ, ಭಾವನ ಪೂಜೆ ಕೆಡದಿರಲೆಂದು. ವರ್ಷದಿಂದ ವರ್ಷಕ್ಕೆ ನಾನು ಇನ್ನೂ ಮೆಲ್ಲಗೆ ಹೆಜ್ಜೆಯಿಡುತ್ತಿದ್ದೆ, ಇನ್ನೂ ಹಸಿದಿರುತ್ತಿದ್ದೆ. ನಂಟರ ಮದುವೆಗಳಲ್ಲಿ ಗುರುತಿಲ್ಲದವರು "ಚಕ್ರ ಎತ್ಕೊಂಡು ಹೋದೋರು ನೀವೇನಾ?" ಎಂದು ಕೈ ಮುಗಿಯುತ್ತಿದ್ದರು. ನಾನೂ ಕೈ ಮುಗಿಯುತ್ತಿದ್ದೆ.

ಕೆಲವು ವರ್ಷಗಳ ಹಿಂದೆ, ಹಬ್ಬ ಕಳೆದ ವಾರ, ಅಕ್ಕನ ಮನೆಯ ಅಡುಗೆಮನೆಯಲ್ಲಿ ಕೂತಿದ್ದೆ. ಅಕ್ಕ ಕಾಯಿ ತುರಿಯುತ್ತಿದ್ದಳು. ತುರಿಯುವುದನ್ನು ನಿಲ್ಲಿಸದೆ ಕೇಳಿದಳು.

"ಅಲ್ವೋ, ಅವ್ರಿಗೆ ಊಟ ಹುಡುಕ್ಕೊಂಡು ಹೋದೋನು ಊಟ ಸಿಕ್ಕಿದ್ಮೇಲೆ ತಗೊಂಡು ವಾಪಸ್ ಹತ್ಬೇಕಲ್ವಾ? ಯಾಕೆ ಹತ್ಲಿಲ್ಲ?"

ಇಷ್ಟು ವರ್ಷ ಯಾರಿಗೂ ಹೊಳೆಯದ ಪ್ರಶ್ನೆ. ನಾನು ಎಲ್ಲ ಹೇಳಿದೆ. ಕೋಪ, ಫ್ರೀವೀಲು, ಹಿಮ, ಎರಡನೆಯ ಸಲದ ಅವಲಕ್ಕಿ. ಅಕ್ಕ ತುರಿಮಣೆ ಮಡಚಿಟ್ಟಳು.

"ನಂಗೆ ಹೇಳಿ ಏನ್ ಪ್ರಯೋಜನ? ಕಣಿವೆ ಕಣಿವೆ ಕೂಗ್ಕೊಂಡು ಹೋದೋರು ಜಗಲೀಲಿ ಕೂತವ್ರೆ. ಹೋಗಿ ಹೇಳು."

ಹೋಗಿ ಹೇಳಿದೆ. ಭಾವ ಕೊನೆಯ ತನಕ ಕೇಳಿದರು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು, ಟಿಕಟಿಕ ಸದ್ದು ಮನೆಯ ಮುಂದೆ ಹಾದು ದೂರವಾಯಿತು. ಅದು ಪೂರ್ತಿ ನಿಂತ ಮೇಲೆ ಭಾವ ಹೇಳಿದರು. "ಹೇಳ್ದೆ ಇದ್ದಿದ್ರೆ ಚೆನ್ನಾಗಿತ್ತು ಕಣೋ. ನಂಗೆ ಅದೊಂದು ಕಥೆ ಇತ್ತು."

ಆಮೇಲೆ ಅವರು ನನ್ನನ್ನು ಬಾ ಎನ್ನಲಿಲ್ಲ, ಬರಬೇಡ ಎನ್ನಲೂ ಇಲ್ಲ. ಹೋದರೆ ಕಾಫಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ನೇಪಾಳದ ಸುದ್ದಿಯನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ. ದೋಣಿಯ ಹತ್ತಿರ ಅವರನ್ನು ಬಿಟ್ಟು ಹೋದವನು ಈಗ ಅವರ ಕಥೆಯನ್ನೂ ಹಾಳು ಮಾಡಿದ್ದೆ.

ಮುಂದಿನ ವಿಜಯದಶಮಿ ಬಂತು. ಹೋಗುವುದೋ ಬೇಡವೋ ಎಂದು ಸರಸ್ವತಿಪುರಂನಿಂದ ಹೊರಟು ಎರಡು ಸಲ ಸೈಕಲ್ ತಿರುಗಿಸಿದೆ. ತಲುಪಿದಾಗ ಅಂಗಳದಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು, ಭಾವನ ಮುಂದೆ ಬಟ್ಟಲಿತ್ತು. ಮಕ್ಕಳು ಕಥೆಗೆ ಪೀಡಿಸುತ್ತಿದ್ದರು. ನಾನು ಸದ್ದಿಲ್ಲದೆ ಎಲ್ಲರಿಗಿಂತ ಹಿಂದೆ ಹೋಗಿ ಕೂತೆ. ಭಾವ ನನ್ನ ಕಡೆ ನೋಡಲಿಲ್ಲ. ಬಟ್ಟಲನ್ನು ಪಕ್ಕಕ್ಕೆ ಸರಿಸಿ ಶುರುಮಾಡಿದರು. ಗಡಿಯ ಪೊಲೀಸು, ಬಸ್ಸಿನ ಮೇಲಿನ ಮೇಕೆ, ಎತ್ತಿಕೊಂಡು ಹೋದ ತಟ್ಟೆ. ಮಕ್ಕಳು ನಕ್ಕರು. ಕಥೆ ಏರು ಹತ್ತಿ ನೀರಿನ ದೋಣಿಯ ಹತ್ತಿರ ಬಂತು. ಭಾವ ಅಂಗೈಯನ್ನು ಮುಂದೆ ಹಿಡಿದು ಅದನ್ನೇ ನೋಡಿದರು, ಪ್ರತಿ ವರ್ಷ ನೋಡುವ ಹಾಗೆ. ಆಮೇಲೆ ಕೈ ಇಳಿಸಿದರು.

"ನನ್ನ ಕಣ್ಣು ಅಂಗೈಯಲ್ಲಿತ್ತು. ಇಲ್ಲಿಂದ ಮುಂದಕ್ಕೆ ನಾನು ನೋಡಿಲ್ಲ. ಅವ್ನು ಹೇಳ್ಲಿ."

ಮಕ್ಕಳೆಲ್ಲ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಬಂದು ನಿಂತಳು. ನಾನು ಹೇಳಿದೆ. ನಡುವೆ ನಿಂತಾಗ ಯಾರೂ ಸಹಾಯಕ್ಕೆ ಬರಲಿಲ್ಲ. ಹಿಮ ಕಂಡೆ, ಕೂಗಲಿಲ್ಲ ಎಂದಾಗ ಒಂದು ಮಗು "ಯಾಕೆ?" ಎಂದಿತು. ನನಗೊಬ್ಬನಿಗೇ ಬೇಕು ಅನ್ನಿಸಿತು ಎಂದೆ. ಅದಕ್ಕೆ ಅರ್ಥವಾದ ಹಾಗೆ ಕಂಡಿತು. ಅವಲಕ್ಕಿ ಉಂಡೆ ಎನ್ನುವಲ್ಲಿಗೆ ನನ್ನ ಪಾಲಿನ ಕಥೆ ಮುಗಿಯಿತು.

"ಆಮೇಲೆ ನಾನು ಕಣ್ಣು ಬಿಟ್ಟೆ" ಎಂದು ಭಾವ ಅಲ್ಲಿಂದ ಎತ್ತಿಕೊಂಡರು. "ಇವ್ನಿಲ್ಲ. ನಾನೇನ್ ಮಾಡ್ದೆ? ಇವ್ನನ್ನ ಹುಡುಕ್ಕೊಂಡು ಹೊರಟೆ." ಮುದುಕಿ ಬಂದಳು, ಹಗ್ಗ ಬಂತು, ಮೊಸರು ಬಂತು. ಕಥೆ ಮುಗಿದ ಮೇಲೆ ಬಟ್ಟಲು ಎತ್ತಿಕೊಂಡು ಸಾಲಿನುದ್ದಕ್ಕೂ ಒಂದೊಂದೇ ಹಣೆಗೆ ಇಡುತ್ತಾ ಬಂದರು. ಮಂಡಿ ಬಗ್ಗುತ್ತಿರಲಿಲ್ಲ, ಮಕ್ಕಳೇ ಎದ್ದು ಹಣೆ ಒಡ್ಡುತ್ತಿದ್ದರು. ಸಾಲಿನ ಕೊನೆಯಲ್ಲಿ ನಾನಿದ್ದೆ.

"ಇದ್ದೀಯೇನೋ?" ಎಂದರು.

"ಇದ್ದೀನಿ ಭಾವ" ಎಂದು ಎದ್ದು ನಿಂತೆ. ಬಟ್ಟಲಿನಲ್ಲಿ ಉಳಿದಿದ್ದಷ್ಟನ್ನೂ ಬಳಿದು ನನ್ನ ಹಣೆಗೆ ಒತ್ತಿದರು. ಮೊಸರು ತಣ್ಣಗಿತ್ತು.